ಮೂರು ಫ್ಯಾನು, ಎರಡು ಫ್ಯಾನು

ನಮ್ಮ ಊರಿನಲ್ಲಿ ಮನೆಗೆ ಬಂದವರು ಎದ್ದು ಹೊರಟರೆ ಅವರ ಹಿಂದೆಯೇ ಬಾಗಿಲು ಹಾಕಿಕೊಳ್ಳುವುದು ಮರ್ಯಾದೆಯಲ್ಲ. ಅವರ ನೆರಳು ಇನ್ನೂ ಒಳಗಿರುತ್ತದೆ. ಅದು ಚಾಪೆಯಿಂದ ಏಳಬೇಕು, ನಡುಮನೆ ದಾಟಬೇಕು, ಹೊಸ್ತಿಲು ಇಳಿಯಬೇಕು. ಆಮೇಲೆ ಅಗುಳಿ ಹಾಕಬಹುದು. ಕೆಲವು ದಿನ ಇದಕ್ಕೆ ಒಂದು ಸೆಕೆಂಡು ಸಾಕು, ಕೆಲವು ದಿನ ಐದು ಬೇಕು. ಗುರುವಾರ ಸಂತೆ. ಅಂದು ನೆರಳುಗಳು ಜನರ ಕಾಲಡಿಯಲ್ಲಿ ದಾರಿ ಬಿಡಿಸಿಕೊಂಡು ಬರಬೇಕಾದ್ದರಿಂದ ವಾರದಲ್ಲೇ ಹೆಚ್ಚು ತಡ.

ಎಷ್ಟು ತಡ ಎಂದು ಅಳೆದು ಹೇಳುವುದು ನನ್ನ ಕೆಲಸ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ಪುರಸಭೆಯಲ್ಲಿ ನೆರಳಳತೆಯ ಹುದ್ದೆ ಸಿಕ್ಕಿತು. ಹತ್ತೊಂಬತ್ತು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ಚೌಕದ ಕಬ್ಬಿಣದ ಕಂಬದ ಕೈಯನ್ನು ಬೀಳಿಸುತ್ತೇನೆ. ಕೈ ಬಿದ್ದಾಗ ಅದಕ್ಕೆ ಕಟ್ಟಿದ ಗಂಟೆ ಹೊಡೆಯುತ್ತದೆ. ಗಂಟೆ ಕೇಳಿದೊಡನೆ ಸ್ಟಾಪ್‌ವಾಚು ಒತ್ತುತ್ತೇನೆ, ನೆರಳು ಬಂದು ಕಲ್ಲಿನ ಮೇಲಿನ ಗೆರೆ ಮುಟ್ಟಿದಾಗ ಮತ್ತೊಮ್ಮೆ ಒತ್ತುತ್ತೇನೆ. ಹೀಗೆ ಹತ್ತು ಸಲ ಮಾಡಿ, ಸರಾಸರಿ ತೆಗೆದು, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಜನ ಅದನ್ನು ನೋಡಿಕೊಂಡೇ ದಿನ ಶುರು ಮಾಡುತ್ತಾರೆ. ಸಹಿ ಮಾಡಿದ ಕೈಯ ನೆರಳು ಕಾಗದ ಮುಟ್ಟುವ ತನಕ ನೋಂದಣಿ ಕಚೇರಿಯಲ್ಲಿ ಸೀಲು ಒತ್ತುವುದಿಲ್ಲ. ಮದುವೆಯಲ್ಲಿ ತಾಳಿ ಕಟ್ಟಿದ ಮೇಲೂ ವಾಲಗದವರು ಉಸಿರು ಹಿಡಿದು ಕಾಯುತ್ತಾರೆ, ತಾಳಿಯ ನೆರಳು ಮದುಮಗಳ ಕೊರಳಿಗೆ ಬಿದ್ದ ಮೇಲೆಯೇ ಗಟ್ಟಿಮೇಳ. ಯಾರಾದರೂ ಅವಸರ ಮಾಡಿದರೆ ನಾವು ಹೇಳುವ ಮಾತೂ ಅದೇ: ‘ನೆರಳು ಬರಲಿ ತಡಿ.’

ನನ್ನ ಹೆಸರು ಮಂದಾಕಿನಿ. ಊರಿನವರಿಗೆ ಮಂದಕ್ಕ. ಹೆಸರಿಗೆ ತಕ್ಕ ನಿಧಾನ ಎಂದು ನಗುತ್ತಾರೆ. ಒಂದನ್ನು ಹತ್ತು ಸಲ ಅಳೆಯುವವಳು ಬೇರೆ ಹೇಗಿರಲು ಸಾಧ್ಯ?

ಈ ಕಥೆ ನನ್ನ ಗೆಳತಿ ಕೊಟ್ರವ್ವನದು. ಅವಳು ದರ್ಜಿ, ನನಗಿಂತ ಎಂಟು ವರ್ಷ ದೊಡ್ಡವಳು. ಜಂಪರು, ಲಂಗ, ಶಾಲೆಯ ಯೂನಿಫಾರಂ ಹೊಲಿಯುತ್ತಾಳೆ. ಸಂಜೆ ಐದಕ್ಕೆ ಕತ್ತರಿ ಎತ್ತಿಟ್ಟು, ಅಂಗಡಿಯ ಮೂಲೆಯಲ್ಲಿರುವ ಕಂಪ್ಯೂಟರ್ ಮುಂದೆ ಕೂತು ಕಾರ್ ರೇಸ್ ಆಡುತ್ತಾಳೆ. ಮೂವತ್ತು ವರ್ಷ ಹೊಲಿಗೆ ಮಶಿನ್ ತುಳಿದ ಕಾಲು ಅವಳದು. ಆಟದ ಪೆಡಲಿನ ಮೇಲಿಟ್ಟರೆ ಕೂದಲೆಳೆಯಷ್ಟು ಒತ್ತಬೇಕಾದಲ್ಲಿ ಕೂದಲೆಳೆಯಷ್ಟೇ ಒತ್ತುತ್ತದೆ. ನಮ್ಮ ಊರಿನಲ್ಲಿ ಅವಳನ್ನು ಸೋಲಿಸಿದವರಿಲ್ಲ. ಹೊಳೆಯಾಚೆಯ ಊರಿನಲ್ಲಿ ಮಾತ್ರ ಏಳು ವರ್ಷದಿಂದ ಅವಳು ಸೋಲುತ್ತಲೇ ಬಂದಿದ್ದಾಳೆ.

ಹೊಳೆಯಾಚೆ ನೆರಳುಗಳು ಹೊತ್ತಿಗೆ ಸರಿಯಾಗಿ ಬರುತ್ತವೆ. ಎರಡು ಊರುಗಳ ನಡುವೆ ವರ್ಷಕ್ಕೊಮ್ಮೆ ಪಂದ್ಯ, ಇದುವರೆಗೆ ಯಾವಾಗಲೂ ಅವರ ಊರಿನಲ್ಲೇ, ಅವರ ಯಂತ್ರಗಳಲ್ಲೇ. ಅವರ ಕಡೆಯ ಆಟಗಾರ ರುದ್ರಮುನಿ, ಮೋಟಾರ್ ವೈಂಡಿಂಗ್ ಅಂಗಡಿಯವನು, ಬಾಯಿಬಡುಕ. ಆಟದ ಹಾದಿಯಲ್ಲಿ ಹಳೆಯ ಸೇತುವೆಯೊಂದರ ಬಳಿ ಕಡಿದಾದ ತಿರುವಿದೆ. ಪ್ರತಿ ವರ್ಷ ಕೊಟ್ರವ್ವ ಅಲ್ಲೇ ಅವನ ಕಾರಿಗೆ ಗುದ್ದುತ್ತಿದ್ದಳು. ಕಾರಣ ಸರಳ. ನಮ್ಮೂರಿನಲ್ಲಿ ತಿರುವಿನಲ್ಲಿ ನೆರಳು ಕಂಡರೆ ಆಸಾಮಿ ಆಗಲೇ ದಾಟಿ ಹೋದ ಎಂದು ಅರ್ಥ, ನಾವು ನಿಶ್ಚಿಂತೆಯಿಂದ ನುಗ್ಗುತ್ತೇವೆ. ಕೊಟ್ರವ್ವನೂ ಸೇತುವೆಯ ಗೋಡೆಯ ಮೇಲೆ ರುದ್ರಮುನಿಯ ಕಾರಿನ ನೆರಳು ಕಂಡೊಡನೆ ನುಗ್ಗುತ್ತಿದ್ದಳು. ಅಲ್ಲಿ ಕಾರು ಇರುತ್ತಿತ್ತು. ಅಭ್ಯಾಸ ಮಾಡಿಕೊಳ್ಳೋಣವೆಂದರೆ ಅವಳ ಹಳೆಯ ಕಂಪ್ಯೂಟರಿಗೆ ನೆರಳು ಬಿಡಿಸುವ ಶಕ್ತಿಯೇ ಇರಲಿಲ್ಲ.

ಈ ವರ್ಷ ಪಂದ್ಯ ಮೊದಲ ಸಲ ನಮ್ಮ ಊರಿಗೆ ಬಂತು. ಎಲ್ಲರೂ ತಮ್ಮ ತಮ್ಮ ಯಂತ್ರದಲ್ಲೇ ಆಡಬಹುದು, ಆದರೆ ನೆರಳು, ಬೆಳಕು, ನೀರಿನ ಹೊಳಪು ಎಲ್ಲವೂ ಪೂರ್ತಿ ಇರಬೇಕು ಎಂದು ಆಚೆಯವರು ಕರಾರು ಹಾಕಿದರು. ರುದ್ರಮುನಿ ಫೋನಿನಲ್ಲಿ ಒಂದು ಮಾತನ್ನೂ ಸೇರಿಸಿದ: “ನಿಮ್ಮೂರ್ನ್ಯಾಗ ನೆರಳು ಬರೋದ್ರೊಳಗ ನಾವು ಗೆದ್ದು, ಉಂಡು, ಕೈ ತೊಳಕಂಡಿರ್ತೀವಿ ನೋಡವ್ವ.”

ಕೊಟ್ರವ್ವ ಫೋನು ಇಟ್ಟವಳು ನನ್ನ ಕಡೆ ತಿರುಗಿದಳು. “ಮಂದಕ್ಕ, ಈ ಸಲ ಸೋತ್ರ ಸ್ಟೀರಿಂಗ್ ಗೂಟಕ್ಕ ಹಾಕ್ತೀನಿ. ಮತ್ತ ಮುಟ್ಟಂಗಿಲ್ಲ.”

“ಆಟ ಕೊಟ್ರಕ್ಕ ಅದು. ಅಷ್ಟಕ್ಕೆಲ್ಲ ಆಣೆ ಯಾಕೆ?”

“ಆಣೆ ಅಲ್ಲ. ಏಳು ವರ್ಷ ಒಂದೇ ಕಡೆ ಹೊಲಿಗಿ ಬಿಚ್ಕಂತು ಅಂದ್ರ ತಪ್ಪು ಬಟ್ಟೀದಲ್ಲ, ದರ್ಜೀದು.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಅವಳ ಸಂಜೆಗಳೆಲ್ಲ ಆ ಮೂಲೆಯಲ್ಲೇ ಕಳೆಯುವುದನ್ನು ನಾನು ಬಲ್ಲೆ. ಅದು ಹೋದರೆ ಅವಳಲ್ಲಿ ಏನೋ ಒಂದು ಮುಚ್ಚಿಹೋಗುತ್ತಿತ್ತು.

ಪರದೆಯ ಮೇಲೆ ಕಾರು ಓಡುವುದೆಂದರೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಚಿತ್ರಗಳನ್ನು ಒಂದರ ಮೇಲೊಂದು ಬಿಡಿಸುವುದು. ಆ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಪ್ರತಿ ಚಿತ್ರದಲ್ಲೂ ಮರದ ಎಲೆ ಎಲೆಯ ನೆರಳು ಬೀಳಿಸಬೇಕೆಂದರೆ ದೊಡ್ಡ ಕಾರ್ಡೇ ಬೇಕು. ಕಂಪ್ಯೂಟರ್ ಅಂಗಡಿಯ ಮೌಲಾಸಾಬರು ಪಟ್ಟಣದಿಂದ ಎರಡು ಕಾರ್ಡು ತರಿಸಿದರು. ಎರಡೂ ಬೇರೆ ಬೇರೆ ಕಂಪನಿಯವು, ಎರಡೂ ಆ ಕಂಪನಿಗಳ ಮೇಲ್ದರ್ಜೆಯವು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಪೆಟ್ಟಿಗೆಯ ಮೇಲಿನ ಹೆಸರುಗಳು ಯಾರ ನಾಲಿಗೆಗೂ ಹತ್ತಲಿಲ್ಲ. ಒಂದಕ್ಕೆ ಮೂರು ಫ್ಯಾನು, ಇನ್ನೊಂದಕ್ಕೆ ಎರಡು. ಊರಿನವರಿಗೆ ಅವು ಅಷ್ಟೇ ಆದವು: ಮೂರು ಫ್ಯಾನು, ಎರಡು ಫ್ಯಾನು.

“ಒಂದು ಇಟ್ಕಳ್ರಿ, ಒಂದು ಶನಿವಾರ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗ್ತೈತಿ,” ಎಂದರು ಮೌಲಾಸಾಬರು. “ಯಾವ್ದು ಅಂತ ನನ್ನ ಕೇಳಬ್ಯಾಡ್ರಿ. ಮಾರೋನ ಬಾಯಾಗ ಎರಡೂ ಚಲೋನೇ. ಅಳಿಯೋಕೆ ನಮ್ ಮಂದಕ್ಕೋರು ಅದಾರಲ್ಲ.”

ಹೀಗೆ ಆ ಕೆಲಸ ನನ್ನ ಹೆಗಲಿಗೆ ಬಂತು. ಸುಳ್ಳೇಕೆ, ಖುಷಿಯಾಯಿತು. ಹತ್ತೊಂಬತ್ತು ವರ್ಷ ಒಂದೇ ಕಂಬವನ್ನು ಅಳೆದವಳಿಗೆ ಹೊಸದೊಂದು ವಸ್ತು ಸಿಕ್ಕಿತ್ತು. ಹೊಸ ನೋಟ್‌ಬುಕ್ಕು ತಂದು, ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಮೂರು, ಬಲಕ್ಕೆ ಎರಡು ಎಂದು ಬರೆದೆ.

ಸೋಮವಾರ ಮೂರು ಫ್ಯಾನಿನ ಸರದಿ. ಹಲಗೆಯ ಮೇಲೆ ಅಂದಿನ ತಡ ೧.೧. ಮೊದಲು ಕೊಟ್ರವ್ವ ತನ್ನ ಟೇಪು ಹಿಡಿದು ಅಳತೆ ತೆಗೆದಳು. “ಹದಿಮೂರಕ್ಕ ಕಾಲಿಂಚು ಕಮ್ಮಿ. ಇದು ಕಾರ್ಡಲ್ಲ, ಮುಕ್ಕಾಲು ತೋಳಿನ ಅಳತಿ.” ಅದು ಕ್ಯಾಬಿನೆಟ್ಟಿನೊಳಗೆ ಹಿಡಿಸಲು ಮೌಲಾಸಾಬರು ಒಂದು ತಗಡನ್ನು ಬಿಚ್ಚಿಡಬೇಕಾಯಿತು. ಕಾಲೇಜಿನಿಂದ ಎರವಲು ತಂದ ಥರ್ಮಾಮೀಟರಿನಲ್ಲಿ ಶಾಖ ನೋಡಿದೆ: ಒಂದು ಗಂಟೆ ಆಡಿದ ಮೇಲೆ ಎಪ್ಪತ್ತೊಂದು ಡಿಗ್ರಿ. ಸದ್ದು ಅಳೆಯುವ ಸಾಧನ ಇರಲಿಲ್ಲ. ಅದಕ್ಕೆ ಕಣ್ಣು ಮುಚ್ಚಿ ಬೀದಿಯಲ್ಲಿ ಹಿಂದಕ್ಕೆ ನಡೆಯುತ್ತ, ಎಷ್ಟನೆಯ ಹೆಜ್ಜೆಗೆ ಫ್ಯಾನಿನ ಸದ್ದು ಕಿವಿಯಿಂದ ತಪ್ಪುತ್ತದೆ ಎಂದು ಎಣಿಸಿದೆ: ಆರನೆಯ ಹೆಜ್ಜೆಗೆ. ಕರೆಂಟು ಎಷ್ಟು ಎಳೆಯುತ್ತದೆಂದು ಗೋಡೆಯ ಮೀಟರಿನ ಚಕ್ರ ಎಷ್ಟು ಸುತ್ತಿತು ಎಂಬುದನ್ನು ನೋಡಿ ಬರೆದುಕೊಂಡೆ. ಸಾಕಷ್ಟು ಎಳೆಯುತ್ತಿತ್ತು.

ಕೊನೆಯದು, ಮುಖ್ಯವಾದದ್ದು, ವೇಗ. ಕಾರ್ಡಿನ ಪೆಟ್ಟಿಗೆಯಲ್ಲೇ ವೇಗ ತೋರಿಸುವ ಸಾಫ್ಟ್‌ವೇರ್ ಇತ್ತು, ನಾನದನ್ನು ಹಾಕಲಿಲ್ಲ. ತರಕಾರಿ ಮಾರುವವನೇ ತಕ್ಕಡಿಯನ್ನೂ ಮಾಡಿಕೊಟ್ಟರೆ ತೂಕ ನಂಬುವುದು ಹೇಗೆ? ಆಟದೊಳಗೆ ಒಂದು ಪರೀಕ್ಷೆ ಇದೆ. ಒಂದು ಕೀ ಒತ್ತಿದರೆ ಅದು ಒಟ್ಟು ಏಳು ಸಾವಿರದ ಇನ್ನೂರು ಚಿತ್ರಗಳನ್ನು ಬಿಡಿಸಿ, ಮುಗಿದಾಗ ‘ಟಿಣ್’ ಎನ್ನುತ್ತದೆ. ಬೇಗ ಮುಗಿಸಿದ ಕಾರ್ಡೇ ಮೇಲು. ಬಲಗೈಯಲ್ಲಿ ಕೀ, ಎಡಗೈಯಲ್ಲಿ ಸ್ಟಾಪ್‌ವಾಚು ಹಿಡಿದು ಹತ್ತು ಸಲ ಮಾಡಿದೆ. ಸರಾಸರಿ ೫೦.೯ ಸೆಕೆಂಡು.

ನೋಡಲು ಬೀದಿಯವರೆಲ್ಲ ಬಂದು ಸೇರಿದ್ದರು. ಹೂ ಮಾರುವ ಶಿವಲಿಂಗವ್ವ ಪರದೆಗೆ ಮೂಗು ತಾಗಿಸಿ ನೋಡಿ ಕೆನ್ನೆಗೆ ಕೈ ಹಚ್ಚಿದಳು. “ಅಯ್ಯ, ಕಾರಿನ ಜತಿಗೇ ನೆರಳು ಬಂತಲ್ಲೇ ಕೊಟ್ರವ್ವ! ಗಂಡನ ಸೆರಗು ಹಿಡಕಂಡು ಓಡಾಡೋ ಹೊಸಾ ಸೊಸಿ ಇದ್ದಂಗೈತಿ.”

“ಗಂಡಗ ಎಲ್ಲೈತವ್ವ ಸೆರಗು?”

“ಅದಕ್ಕ ಅಂದೆ, ಇದು ಸುಳ್ಳು ಚಿತ್ರ ಅಂತ.”

ಗುರುವಾರ ಎರಡು ಫ್ಯಾನು. ಹೊರಗೆ ಸಂತೆ, ಹಲಗೆಯ ಮೇಲೆ ಅಂದಿನ ತಡ ೫.೨. ಆ ಕಾರ್ಡು ಗಿಡ್ಡ, ಯಾವ ತಗಡನ್ನೂ ಬಿಚ್ಚದೆ ಕೂತಿತು. ಕರೆಂಟೂ ಕಡಿಮೆ. ಶಾಖ ಮಾತ್ರ ಎಪ್ಪತ್ತೆಂಟು ಡಿಗ್ರಿ. ಸದ್ದು ಹನ್ನೊಂದು ಹೆಜ್ಜೆ ತನಕ ಬೆನ್ನು ಹತ್ತಿತು. ಸಂತೆಯ ಗದ್ದಲ ಇಳಿಯುವ ತನಕ ಕಾದು ಎಣಿಸಿದ ಹೆಜ್ಜೆಗಳು ಅವು, ಅಷ್ಟು ಎಚ್ಚರ ನನಗಿತ್ತು. ವೇಗದ ಪರೀಕ್ಷೆ ಹತ್ತು ಸಲ ಮಾಡಿದೆ. ಸರಾಸರಿ ೪೯.೮.

ಎರಡು ಫ್ಯಾನು ಒಂದು ಸೆಕೆಂಡಿಗೂ ಹೆಚ್ಚು ಮುಂದಿತ್ತು. ನಾನು ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ.

ಕೊಟ್ರವ್ವ ಅಂದು ಸಂಜೆ ಆಡಿ ನೋಡಿ ಪೆಡಲಿನಿಂದ ಕಾಲು ತೆಗೆದಳು. “ಮಂದಕ್ಕ, ನಂಗ್ಯಾಕೋ ಮೂರು ಫ್ಯಾನಿಂದೇ ಹಿತ ಅನ್ನಿಸ್ತೈತಿ. ಸೇತುವಿ ತಿರುವಿನಾಗ, ಆ ಮರದ ನೆರಳೆಲ್ಲ ಒಟ್ಟಿಗೆ ಬರ್ತಾವಲ್ಲ, ಅಲ್ಲಿ ಇದು ಮಶಿನ್ನಿನಾಗ ದಾರ ಸಿಕ್ಕಂಡಂಗ ಒಂಚೂರು ತಡಿತೈತಿ. ಕಾಲಿಗೆ ಗೊತ್ತಾಗ್ತೈತಿ.”

“ಅದು ನಿನ್ನ ಅನಿಸಿಕೆ. ಅನಿಸಿಕೆಗೆ ದಶಾಂಶ ಇರಲ್ಲ ಕೊಟ್ರಕ್ಕ,” ಎಂದೆ ನಾನು. ನೋಟ್‌ಬುಕ್ಕು ತೋರಿಸಿದೆ. ಹತ್ತು ಸಲ, ಸರಾಸರಿ, ಎರಡು ಗೆರೆ.

ಅವಳು ನೋಟ್‌ಬುಕ್ಕು ನೋಡಿದಳು, ತನ್ನ ಕಾಲು ನೋಡಿಕೊಂಡಳು. “ಹಲಗಿ ಮ್ಯಾಲೆ ನೀ ಬರದಿದ್ದು ಇವತ್ತಿನ ತನಕ ಸುಳ್ಳಾಗಿಲ್ಲ. ನನ್ನ ಕಾಲಿಗೆ ವಯಸ್ಸಾತೇನೋ. ಆತು, ಎರಡು ಫ್ಯಾನಿಂದೇ ತಗಂತೀನಿ.”

ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಅದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಮೂವತ್ತು ವರ್ಷ ನೂಲಿನ ಬಿಗಿ ಸಡಿಲ ಬಲ್ಲ ಕಾಲನ್ನು ನಾನು ಮೂರೇ ದಿನದಲ್ಲಿ ಮುದಿ ಮಾಡಿದ್ದೆ.

ಶನಿವಾರ ಬೆಳಿಗ್ಗೆ ಹಲಗೆಯ ಮೇಲೆ ೩.೪ ಎಂದು ಬರೆದು ಮೌಲಾಸಾಬರ ಅಂಗಡಿಗೆ ಹೋದೆ. ಎರಡೂ ಪೆಟ್ಟಿಗೆಗಳು ಗಲ್ಲೆಯ ಮೇಜಿನ ಮೇಲಿದ್ದವು. ಕಂಡಕ್ಟರ್ ದ್ಯಾಮಣ್ಣ ವಾಪಸ್ ಹೋಗುವ ಕಾರ್ಡಿಗಾಗಿ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದ. ನಮ್ಮೂರಿನ ಅಂಗಡಿಗಳಲ್ಲಿ ಒಂದು ಪದ್ಧತಿ ಇದೆ: ಕೊಂಡವರ ನೆರಳು ಹೊಸ್ತಿಲು ದಾಟುವ ತನಕ ವ್ಯಾಪಾರ ಆದಂತಲ್ಲ. ಕೊಂಡವರು ಹೊರಗೆ, ನೆರಳು ಒಳಗೆ ಇರುವ ಆ ನಾಲ್ಕಾರು ಸೆಕೆಂಡಿನಲ್ಲಿ ಯಾರು ಬೇಕಾದರೂ ಮನಸ್ಸು ಬದಲಿಸಬಹುದು. ದಾಟಿತೋ, ಮುಗಿಯಿತು. ಆಮೇಲೆ ಅಣ್ಣತಮ್ಮಂದಿರ ನಡುವೆಯೂ ವಾಪಸ್ ಇಲ್ಲ. ದೊಡ್ಡ ವ್ಯಾಪಾರವಾದರೆ ನನ್ನನ್ನು ನಿಲ್ಲಿಸಿಕೊಂಡು ಹೊತ್ತು ಹಿಡಿಸುತ್ತಾರೆ.

“ಹಿಡೀರಿ ಮಂದಕ್ಕೋರೆ,” ಎಂದರು ಸಾಬರು. ನಾನು ಸ್ಟಾಪ್‌ವಾಚು ತೆಗೆದು ಹೊಸ್ತಿಲ ಪಕ್ಕ ನಿಂತೆ. ಕೊಂಡವರ ಚಪ್ಪಲಿ ಮೆಟ್ಟಿಲ ಮೇಲೆ ಟಪ್ ಎಂದಾಗ ಒಂದು ಸಲ, ನೆರಳು ದಾಟಿದಾಗ ಇನ್ನೊಂದು ಸಲ ಒತ್ತಬೇಕು. ಇದೂ ನೂರಾರು ಸಲ ಮಾಡಿದ್ದೇ.

ಕೊಟ್ರವ್ವ ಎರಡು ಫ್ಯಾನಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆದಳು. ಹೊಸ ರಬ್ಬರ್ ಚಪ್ಪಲಿ ಹಾಕಿದ್ದಳು. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಬೀದಿಯಲ್ಲಿ ನಿಂತಳು. ಸದ್ದಾಗಲಿಲ್ಲ.

ನನ್ನ ಹೆಬ್ಬೆರಳು ಒತ್ತಲಿಲ್ಲ.

ಅವಳು ದಾಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಹೆಬ್ಬೆರಳು ಸುಮ್ಮನಿತ್ತು. ಅದು ಕಾಯುತ್ತಿತ್ತು. ನೆಲದ ಮೇಲೆ ಗಲ್ಲೆಯ ಹತ್ತಿರದಿಂದ ಅವಳ ನೆರಳು ಆಗಷ್ಟೇ ಹೊರಟಿತ್ತು, ನನ್ನ ಹೆಬ್ಬೆರಳು ಅದನ್ನೇ ಕಾಯುತ್ತಿತ್ತು. ಕಿವಿಗೆ ಸದ್ದು ಬೀಳದಿದ್ದರೆ ನನ್ನ ಪಾಲಿಗೆ ಏನೂ ಆಗಿಯೇ ಇಲ್ಲ, ಎಲ್ಲವೂ ಆಗುವುದು ನೆರಳು ಬಿದ್ದಾಗಲೇ.

ಕೊಟ್ರವ್ವನ ಕೀಬೋರ್ಡು ಸದ್ದಿಲ್ಲದ್ದು. ಬಟ್ಟೆ ಕೊಡಲು ಬಂದವರಿಗೆ ತಾನು ಆಡುವುದು ಕೇಳಬಾರದೆಂದು ಅಂಥದ್ದನ್ನೇ ಆರಿಸಿ ತಂದಿದ್ದಳು. ಇಪ್ಪತ್ತು ಸಲ ನಾನು ಅದರ ಕೀ ಒತ್ತಿದ್ದೆ. ಇಪ್ಪತ್ತು ಸಲವೂ ಗಡಿಯಾರ ಶುರುವಾದದ್ದು ನನ್ನ ಬೆರಳು ಇಳಿದಾಗ ಅಲ್ಲ, ಬೆರಳಿನ ನೆರಳು ಕೀ ಮೇಲೆ ಬಿದ್ದಾಗ. ನಿಂತದ್ದು ಮಾತ್ರ ‘ಟಿಣ್’ ಎಂದ ತಕ್ಷಣ. ಸೋಮವಾರ ನೆರಳು ೧.೧ ತಡ. ಗುರುವಾರ ೫.೨. ತಡವಾಗಿ ಶುರುವಾದ ಗಡಿಯಾರ ಅಷ್ಟಷ್ಟೂ ಕಡಿಮೆ ತೋರಿಸಿತ್ತು.

ಇಷ್ಟನ್ನು ಬರೆಯಲು ಒಂದು ಪ್ಯಾರಾ ಹಿಡಿಯಿತು. ಅಂದು ಅದೆಲ್ಲ ಒಟ್ಟಿಗೇ ಹೊಳೆಯಿತು. ನೆರಳಿನ ತಲೆ ಆಗಲೇ ಹೊಸ್ತಿಲ ಬಳಿ ಬಂದಿತ್ತು.

“ಕೊಟ್ರಕ್ಕಾ, ಒಳಗೆ ಬಾ! ನೆರಳು ಒಳಗಿದೆ, ಒಳಗೆ ಬಾ!”

ಬೇರೆ ಯಾರಾದರೂ ಆಗಿದ್ದರೆ ‘ಯಾಕೆ’ ಎಂದು ಕೇಳುತ್ತಿದ್ದರು, ಅಷ್ಟರಲ್ಲಿ ಮುಗಿದುಹೋಗುತ್ತಿತ್ತು. ಕೊಟ್ರವ್ವ ಕೇಳಲಿಲ್ಲ. ಒಂದೇ ಹಿಮ್ಮಡಿಯ ಮೇಲೆ ಗಿರ್ರನೆ ತಿರುಗಿ, ಪೆಟ್ಟಿಗೆ ಸಮೇತ ಒಂದೇ ನೆಗೆತಕ್ಕೆ ಹೊಸ್ತಿಲೊಳಗೆ ಬಂದು, ದ್ಯಾಮಣ್ಣನ ಮಡಿಲಿಗೆ ಬಿದ್ದಳು. ಅವಳ ನೆರಳು ನಿಧಾನಕ್ಕೆ ಹೊಸ್ತಿಲಂಚಿಗೆ ಹೋಗಿ, ಏನೋ ಮರೆತವರ ಹಾಗೆ ನಿಂತು, ವಾಪಸ್ ಬಂತು. ಮೌಲಾಸಾಬರು ಬಗ್ಗಿ ಹೊಸ್ತಿಲನ್ನು ನೋಡಿದರು. “ದಾಟಿಲ್ಲ,” ಎಂದು ತೀರ್ಪು ಕೊಟ್ಟರು. “ಬೆರಳುದ್ದ ಉಳದಿತ್ತು.”

“ಏನಾತೇ ಮಂದಕ್ಕ, ಹಾವು ಬಂತಾ?” ಎಂದಳು ಕೊಟ್ರವ್ವ ಏದುಸಿರು ಬಿಡುತ್ತ.

ನಾನು ನೋಟ್‌ಬುಕ್ಕು ತೆಗೆದು ಗಲ್ಲೆಯ ಮೇಲಿಟ್ಟು ಎಲ್ಲರೆದುರು ಕೂಡಿಸಿದೆ. ಮೂರು ಫ್ಯಾನು, ೫೦.೯ಕ್ಕೆ ೧.೧ ಕೂಡಿದರೆ ೫೨. ಎರಡು ಫ್ಯಾನು, ೪೯.೮ಕ್ಕೆ ೫.೨ ಕೂಡಿದರೆ ೫೫. ಮೂರು ಫ್ಯಾನು ಒಂದಲ್ಲ ಎರಡಲ್ಲ, ಮೂರು ಸೆಕೆಂಡು ಮುಂದಿತ್ತು. “ನಿನ್ನ ಕಾಲು ಹೇಳಿದ್ದೇ ಸರಿ. ನನ್ನ ಕೈ ತಪ್ಪು,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. “ನನ್ನ ಕಾಲಿಗೆ ವಯಸ್ಸಾಗಿಲ್ಲ ಅಂದಂಗಾತು,” ಎಂದಳು.

“ಇಲ್ಲ.”

“ಹಂಗಾರ ದ್ಯಾಮಣ್ಣ, ಹಿಡಿಯೋ ಇದನ್ನ,” ಎಂದು ಎರಡು ಫ್ಯಾನನ್ನು ಅವನ ಕೈಗಿತ್ತು, ಮೂರು ಫ್ಯಾನನ್ನು ಬಗಲಿಗೆ ಏರಿಸಿದಳು. ಹೊಸ್ತಿಲು ದಾಟುವಾಗ ಬೇಕೆಂದೇ ಕಾಲು ನೆಲಕ್ಕೆ ಅಪ್ಪಳಿಸಿ ತಿರುಗಿ ನೋಡಿದಳು. “ಕೇಳ್ತೇನವ್ವಾ, ಮೇಡಮ್ಮೋರೆ?” ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅಂದೇ ಹಲಗೆಯ ಮೇಲೆ, ೩.೪ರ ಕೆಳಗೆ, ‘ತಿದ್ದುಪಡಿ’ ಎಂದು ಬರೆದು ನಡೆದದ್ದನ್ನೆಲ್ಲ ನಾಲ್ಕು ಸಾಲಿನಲ್ಲಿ ಬರೆದೆ. ಕೆಲಸ ಹೋದೀತು ಎಂಬ ಅಳುಕಿತ್ತು. ಜನ ಗುಂಪುಗೂಡಿ ಓದಿದರು. ಶಿವಲಿಂಗವ್ವ ಯಾರಿಂದಲೋ ಎರಡು ಸಲ ಓದಿಸಿಕೊಂಡು, ಹಲಗೆಯ ಕೊನೆಗೆ ಒಂದು ಮೊಳ ಸೇವಂತಿಗೆ ಸಿಗಿಸಿದಳು. “ಹತ್ತೊಂಬತ್ತು ವರ್ಷಕ್ಕ ಒಂದು ತಪ್ಪು. ಮುಂದಿಂದು ನೋಡಾಕ ನಾ ಇರ್ತೀನೋ ಇಲ್ಲೋ. ಇದಕ್ಕರ ಒಂದು ಮೊಳ ಹೂ ಇರ್ಲಿ ಬಿಡು.”

ಪಂದ್ಯಕ್ಕೆ ಎಂಟು ದಿನ ಉಳಿದಿತ್ತು. ಕೊಟ್ರವ್ವ ನೆರಳು ಕಲಿಯತೊಡಗಿದಳು. ಪರದೆಯ ಮೇಲೆ ನೆರಳು ಕಂಡಾಗಲೆಲ್ಲ “ಐತಿ” ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು ಅವಳೇ ಕಂಡುಕೊಂಡ ದಾರಿ. ನೆರಳು ಐತಿ ಅಂದರೆ ಕಾರೂ ಐತಿ. ಮರ ಬಂತು, ಐತಿ. ಕಂಬ ಬಂತು, ಐತಿ. ಮೂರು ಫ್ಯಾನು ಸೇತುವೆಯ ತಿರುವಿನಲ್ಲೂ ಎಲೆ ನಡುಗದಂತೆ ಬಿಡಿಸುತ್ತಿತ್ತು. ನಾಲ್ಕನೆಯ ದಿನಕ್ಕೆ ಪಾಠ ಎಷ್ಟು ಹತ್ತಿತೆಂದರೆ, ಬೀದಿಯಲ್ಲಿ ಆಗಲೇ ದಾಟಿಹೋದ ಎಮ್ಮೆಯೊಂದರ ನೆರಳಿಗೆ ದಾರಿ ಬಿಟ್ಟು ಅವಳು ಗೋಡೆಗೆ ಒರಗಿ ನಿಂತಿದ್ದನ್ನು ನಾಲ್ಕು ಜನ ನೋಡಿದರು. “ಯಾಕಬೇ ಕೊಟ್ರವ್ವ, ಎಮ್ಮಿ ಹೋಗಿ ಹೊತ್ತಾತು,” ಎಂದರೆ, “ಸುಮ್ನಿರ್ರಿ, ಪ್ರಾಕ್ಟೀಸು,” ಎಂದಳಂತೆ.

ಭಾನುವಾರ ಕಲ್ಯಾಣ ಮಂಟಪದಲ್ಲಿ ಪಂದ್ಯ. ಹಲಗೆಯ ಮೇಲೆ ೨.೬. ರುದ್ರಮುನಿ ತನ್ನ ಯಂತ್ರ ಹೊರಿಸಿಕೊಂಡು, ಬಿಳಿ ಅಂಗಿ ತೊಟ್ಟು, ದೊಡ್ಡ ದನಿಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳುತ್ತ ಬಂದ. ಏಳು ವರ್ಷದಲ್ಲಿ ಅವನು ನಮ್ಮ ಊರಿಗೆ ಕಾಲಿಟ್ಟದ್ದು ಅದೇ ಮೊದಲು. ಕುರ್ಚಿಯಲ್ಲಿ ಕೂತು ಸುತ್ತ ನೋಡಿದವನು ಕುರ್ಚಿಯಡಿ ಬಗ್ಗಿ ಹುಡುಕಿದ. “ಅಯ್ಯಪ್ಪಾ, ನನ್ನ ನೆರಳು ಎಲ್ಲಿ?”

“ಬರ್ತೈತಿ ಬಿಡಪ್ಪ,” ಎಂದಳು ಕೊಟ್ರವ್ವ. “ಬಾಗ್ಲಾಗ ಚಪ್ಪಲಿ ಬಿಡಾಕ ನಿಂತಿರಬೇಕು.”

ಮಂಟಪ ನಗೆಯಲ್ಲಿ ಮುಳುಗಿತು. ಆದರೆ ಅಭ್ಯಾಸದ ಸುತ್ತಿನಲ್ಲಿ ರುದ್ರಮುನಿಯ ಕಷ್ಟ ನೋಡಲಾಗಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಅವನ ಕೈ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಕೈಯ ನೆರಳು ಇನ್ನೂ ಬಲಕ್ಕೆ ತಿರುಗುತ್ತಿತ್ತು. ಅದನ್ನು ನೋಡಿ ಅವನು ಮತ್ತೆ ತಿರುಗಿಸುತ್ತಿದ್ದ, ಕಾರು ಗೋಡೆಗೆ ಹೋಗುತ್ತಿತ್ತು. ನಮ್ಮವರಲ್ಲಿ ಕೆಲವರು ಮೀಸೆಯಡಿ ನಕ್ಕರು. ಕೊಟ್ರವ್ವ ಎದ್ದು ನಿಂತಳು.

“ದೀಪ ಆರಿಸ್ರಿ. ಕಿಡಕಿ ಮುಚ್ರಿ. ಪರದಿ ಬೆಳಕೊಂದು ಸಾಕು. ನಂಗ ಇವನ್ನ ಗೆಲ್ಲಬೇಕಾಗೈತಿ, ಇವನ ನೆರಳನ್ನಲ್ಲ.”

ರುದ್ರಮುನಿ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು, ಬಾಗಿ ನಮಸ್ಕಾರ ಮಾಡಿದ. ಅವನು ಬಾಯಿಬಡುಕನಷ್ಟೇ ಅಲ್ಲ, ಒಳ್ಳೆಯ ಆಟಗಾರ ಎಂಬುದು ಮೊದಲ ಸುತ್ತಿನಲ್ಲೇ ತಿಳಿಯಿತು. ಐದು ಸುತ್ತಿನ ಆಟದಲ್ಲಿ ನಾಲ್ಕು ಸುತ್ತೂ ಅವನೇ ಮುಂದೆ. ಕೊಟ್ರವ್ವ ಅವನ ಹಿಂದೆ, ಸೂಜಿಯ ಹಿಂದೆ ದಾರ ಹೋದ ಹಾಗೆ. ಕತ್ತಲಲ್ಲಿ ಅವಳ ದನಿಯೊಂದೇ ಕೇಳುತ್ತಿತ್ತು: ಐತಿ, ಐತಿ, ಐತಿ.

ಕೊನೆಯ ಸುತ್ತಿನಲ್ಲಿ ಸೇತುವೆ ಬಂತು. ರುದ್ರಮುನಿಯ ಕಾರು ತಿರುವಿನಲ್ಲಿ ಮರೆಯಾಯಿತು. ಅದರ ನೆರಳು ಮಾತ್ರ ಕಲ್ಲಿನ ಗೋಡೆಯ ಮೇಲೆ ಉದ್ದಕ್ಕೆ ಬಿತ್ತು. ಏಳು ವರ್ಷ ಅವಳು ನುಗ್ಗಿದ ಜಾಗ ಅದೇ. ಮಂಟಪದಲ್ಲಿ ನಮಗೆಲ್ಲರಿಗೂ ಕಾಣುತ್ತಿತ್ತು, ಹಾದಿ ಖಾಲಿ ಇದೆ, ನೆರಳು ಬಂದಾಯಿತು, ಆಸಾಮಿ ಹೋಗಿಯಾಯಿತು. ನನ್ನ ಮೈಯೆಲ್ಲ ‘ನುಗ್ಗು’ ಎನ್ನುತ್ತಿತ್ತು.

“ಐತಿ,” ಎಂದಳು ಕೊಟ್ರವ್ವ. ಅವಳ ಕಾಲು ಬ್ರೇಕಿನ ಮೇಲೆ ಕೂದಲೆಳೆಯಷ್ಟು ಇಳಿಯಿತು.

ಅವಳು ಈಗ ಗುದ್ದುತ್ತಾಳೆ ಎಂದು ರುದ್ರಮುನಿಯೂ ನಂಬಿದ್ದ. ತಪ್ಪಿಸಿಕೊಳ್ಳಲೆಂದು ಅವನು ಕಾರನ್ನು ಹೊರಮಗ್ಗುಲಿಗೆ ಒಯ್ದಿದ್ದ. ಏಳು ವರ್ಷದ ಗುದ್ದು ಬರಲೇ ಇಲ್ಲ. ಒಳಮಗ್ಗುಲು ತೆರೆದಿತ್ತು, ಕೊಟ್ರವ್ವ ಅಂಚು ಹೊಲಿದ ಹಾಗೆ ಗೋಡೆಗೆ ತಾಗಿಯೂ ತಾಗದಂತೆ ಒಳಗಿನಿಂದ ಹೋದಳು. ನೇರ ಹಾದಿಯಲ್ಲಿ ಎರಡೂ ಕಾರು ಜೊತೆಜೊತೆಗೆ ಓಡಿದವು. ಗೆರೆ ಬಂತು. ಅರ್ಧ ಕಾರಿನಷ್ಟು ಮುಂದಾಗಿ ಕೊಟ್ರವ್ವ ಅದನ್ನು ದಾಟಿದಳು.

ಮಂಟಪ ಗಪ್‌ಚಿಪ್. ಮುನ್ನೂರು ಜನ, ಒಂದು ಕೆಮ್ಮಿಲ್ಲ. ಪರದೆಯ ಮೇಲೆ ಅವಳ ಕಾರಿನ ಜೊತೆಗೇ ಅದರ ನೆರಳೂ ಗೆರೆ ದಾಟಿಯಾಗಿತ್ತು. ಆದರೂ ಅವರೆಲ್ಲ ಬಾಯಿ ಅರ್ಧ ತೆರೆದುಕೊಂಡು ಕಾಯುತ್ತಿದ್ದರು. ಬೆಳಿಗ್ಗೆ ಹಲಗೆ ನೋಡಿ ಬಂದವರು, ಅಂದಿನ ಲೆಕ್ಕ ಮೈಗೆ ಹತ್ತಿತ್ತು. ರುದ್ರಮುನಿ ಆ ಮೌನ ನೋಡಿ ತಾನೇ ಗೆದ್ದೆನೇನೋ ಎಂದು ಗಾಬರಿಯಿಂದ ಸುತ್ತ ನೋಡುತ್ತಿದ್ದ.

ಆ ಮೌನದಲ್ಲಿ ಒಬ್ಬರು ಮಾತ್ರ ಕುರ್ಚಿಯ ಮೇಲೆ ಹತ್ತಿ, ಸೀಮೆಸುಣ್ಣದ ಕೈಯನ್ನು ಮೇಲೆತ್ತಿ, ಗಂಟಲು ಹರಿಯುವಂತೆ ಕೂಗುತ್ತಿದ್ದರು. ಆ ದನಿ ಯಾರದೆಂದು ನನಗೇ ತಕ್ಷಣ ತಿಳಿಯಲಿಲ್ಲ. ಸ್ಟಾಪ್‌ವಾಚು ಮನೆಯಲ್ಲೇ ಉಳಿದಿತ್ತು.

ಕೊಟ್ರವ್ವ ಸ್ಟೀರಿಂಗ್ ಬಿಟ್ಟು ತಿರುಗಿದಳು. ಪರದೆಯ ಬೆಳಕಿನಲ್ಲಿ ಅವಳ ಹಲ್ಲು ಹೊಳೆದವು.

“ಏ ಮಂದಕ್ಕ! ನೆರಳಾದ್ರೂ ಬರ್ಲಿ ತಡಿಯೇ!”

ಆಗ ಉಳಿದವರೆಲ್ಲ ಕೂಗಿದರು.